ಇಂಟರ್‌ವ್ಯೂ ತಯಾರಿ: ಆರು ಸಾವಿರದ ಕ್ಲಾಸು, ಮೊಬೈಲಿನ ಎಐ, ಕೆಳಮನೆ ಕಾಕು

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನನ್ನ ವೋಟು ಕೆಳಮನೆ ಕಾಕುಗೆ (ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ). 6,000 ರೂಪಾಯಿ ಕೊಟ್ಟ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ಕ್ಲಾಸಿನ ಬಗ್ಗೆ ಬರೆಯುವಾಗ ಸ್ವಲ್ಪ ಸಿಟ್ಟು ಕಾಣಿಸಿದರೆ ಅದು ನಿಜವಾದ ಸಿಟ್ಟೇ.

ನಾನು ಹಾವೇರಿ ಕಡೆಯವಳು. ಬಿ.ಕಾಂ. ಮುಗಿಸಿ ಊರಲ್ಲೇ ಎರಡು ವರ್ಷ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡಿದೆ. ಆಮೇಲೆ ಮದುವೆ, ಮುಂಬೈ ಹತ್ತಿರದ ಡೊಂಬಿವಲಿ. ಇಲ್ಲಿ ಅಕೌಂಟ್ಸ್ ಕೆಲಸ ಹುಡುಕಲು ಹೊರಟಾಗ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಮುಂಬೈ ಇಂಟರ್‌ವ್ಯೂ ಬೇರೆ ಥರ, ಒಂದು ಕ್ಲಾಸ್ ಮಾಡಿಬಿಡು. ಮಾಡಿದೆ. ಠಾಣೆಯಲ್ಲಿ, ಮೂರು ಶನಿವಾರ, ಮೂರು ಭಾನುವಾರ. ದುಡ್ಡನ್ನು ಯುಪಿಐನಲ್ಲಿ ಹಾಕಿಸಿಕೊಂಡರು. ರಸೀದಿ ಆಮೇಲೆ ಕಳಿಸುತ್ತೇವೆ ಎಂದರು.

ಕ್ಲಾಸು ಪೂರ್ತಿ ದಂಡ ಅಂತ ಹೇಳಲಾರೆ. ನನ್ನ ಮೂರು ಪುಟದ ರೆಸ್ಯೂಮೆ ಒಂದು ಪುಟಕ್ಕೆ ಇಳಿಯಿತು. ಹತ್ತನೇ ಕ್ಲಾಸಿನ ರಂಗೋಲಿ ಬಹುಮಾನ ಕಿತ್ತುಹಾಕಿಸಿದರು, ಒಳ್ಳೆಯದೇ ಆಯಿತು. ವಿಡಿಯೋ ಮಾಡಿ ತೋರಿಸಿದಾಗ ಇನ್ನೊಂದು ಗೊತ್ತಾಯಿತು, ಯೋಚನೆ ಮಾಡುವಾಗ ನಾನು ಫ್ಯಾನ್ ನೋಡುತ್ತೇನೆ. ಸ್ಟಾರ್ ಅನ್ನುವ ಪದ್ಧತಿಯನ್ನೂ ಅಲ್ಲೇ ಕಲಿತೆ. ಯಾವ ಸಂದರ್ಭ, ನಿಮ್ಮ ಪಾಲಿನ ಹೊಣೆ ಏನು, ಏನು ಮಾಡಿದಿರಿ, ಏನಾಯಿತು, ಈ ಸಾಲಿನಲ್ಲೇ ಉತ್ತರ ಹೇಳಬೇಕು. ಅದು ಈಗಲೂ ಉಪಯೋಗಕ್ಕೆ ಬರುತ್ತಿದೆ.

ತೊಂದರೆ ಆದದ್ದು ಮುಂಬೈಯ ಮರೋಳ್‌ನಲ್ಲಿ, ಒಂದು ಇಂಟರ್‌ವ್ಯೂನಲ್ಲಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ. ದಾರಿಯುದ್ದಕ್ಕೂ ಉತ್ತರಗಳನ್ನು ಇಂಗ್ಲಿಷಿನಲ್ಲಿ ಗುನುಗುತ್ತಾ ಹೋದೆ. ಅದೊಂದು ಪ್ಯಾಕಿಂಗ್ ಸಾಮಾನಿನ ಸಣ್ಣ ಕಂಪನಿ. ಮೊದಲ ಐದು ನಿಮಿಷ ಎಲ್ಲ ಕ್ಲಾಸಿನಲ್ಲಿ ಆದಂತೆಯೇ ಆಯಿತು. ಅಷ್ಟರಲ್ಲಿ ಮಾಲೀಕರು ಚಹಾದ ಗ್ಲಾಸ್ ಹಿಡಿದು ಒಳಗೆ ಬಂದು ಕೂತರು. ಕೂತವರೇ ಹಿಂದಿಗೆ ಶುರು: "ಪಾರ್ಟಿ ತೀನ್ ಮಹೀನೇ ಸೇ ಪೈಸಾ ನಹೀ ದೇ ರಹೀ, ಕ್ಯಾ ಕರೋಗೀ?" ಪಾರ್ಟಿ, ಅಂದರೆ ಗಿರಾಕಿ, ಮೂರು ತಿಂಗಳಿಂದ ದುಡ್ಡು ಕೊಡುತ್ತಿಲ್ಲ, ಏನು ಮಾಡುತ್ತೀ ಅಂತ.

ಉತ್ತರ ನನಗೆ ಚೆನ್ನಾಗಿ ಗೊತ್ತು. ಯಾವ ಬಿಲ್ಲು 30 ದಿನ ದಾಟಿದೆ, ಯಾವುದು 60, ಯಾವುದು 90 ಅಂತ ಪಟ್ಟಿ ತೆಗೆಯಬೇಕು. ಪಾರ್ಟಿಯಿಂದ ಬಾಕಿ ಎಷ್ಟೆಂದು ಬರೆಸಿಕೊಳ್ಳಬೇಕು. ಮಾಲಿನಲ್ಲಿ ತಕರಾರು ಇದೆಯೋ, ಅಥವಾ ಸುಮ್ನೆ ಎಳೆಯುತ್ತಿದ್ದಾರೋ ವಿಚಾರಿಸಬೇಕು. ಮುಂದಿನ ಮಾಲು ತಡೆಯುವುದೋ ಬೇಡವೋ ಅಂತ ಮಾಲೀಕರನ್ನೇ ಕೇಳಬೇಕು. ಇಷ್ಟೂ ತಲೆಯಲ್ಲಿ ಇಂಗ್ಲಿಷಿನಲ್ಲಿ ಸಾಲಾಗಿ ನಿಂತಿತ್ತು. ಬಾಯಿಂದ ಬಂದದ್ದು ಮಾತ್ರ, "ಮೈ ಫಾಲೋಅಪ್ ಕರೂಂಗಾ."

ಗಂಡಸರು "ಮಾಡುತ್ತೇನೆ" ಅನ್ನುವ ಹಾಗೆ ಹೇಳಿಬಿಟ್ಟಿದ್ದೆ. ಮಾಲೀಕರು ನಕ್ಕರು. ಕೆಟ್ಟ ನಗೆಯಲ್ಲ. ಆದರೂ ನನಗೆ ಅಲ್ಲಿಂದ ಮುಂದೆ ಏನೂ ಹೊಳೆಯಲಿಲ್ಲ. ಕನ್ನಡದಲ್ಲಿ ಗಂಡಸೂ "ಮಾಡುತ್ತೇನೆ", ಹೆಂಗಸೂ "ಮಾಡುತ್ತೇನೆ". ಹಿಂದಿಯಲ್ಲಿ ನಾನು ಯಾರು ಅಂತ ಪ್ರತಿ ಕ್ರಿಯಾಪದಕ್ಕೂ ಸಾಕ್ಷಿ ಕೊಡಬೇಕು. ದುಡ್ಡು ಕೊಡದ ಮೀಸೆ ಸೇಠ್ "ಪಾರ್ಟಿ" ಆದ ಕೂಡಲೇ ಸ್ತ್ರೀಲಿಂಗ, ಸೀರೆ ಉಟ್ಟು ಕೂತ ನಾನು ಪುಲ್ಲಿಂಗ! ಬಿಲ್ ಪುಲ್ಲಿಂಗ, "ಆಯಾ"; ಎಂಟ್ರಿ ಸ್ತ್ರೀಲಿಂಗ, "ಹೋ ಗಯೀ". ಪ್ರತಿ ಮಾತಿಗೂ ಒಂದು ಕ್ಷಣ ನಿಂತು ಲಿಂಗ ನೋಡುತ್ತಾ ಹೋದೆ. ನೋಡುವವರಿಗೆ ನನಗೆ ಕೆಲಸವೇ ಗೊತ್ತಿಲ್ಲ ಅನ್ನಿಸಿರಬೇಕು. ಫೋನ್ ಬರಲಿಲ್ಲ.

ಆರು ದಿನದ ಕ್ಲಾಸಿನಲ್ಲಿ ಒಬ್ಬರೂ ಒಂದು ಹಿಂದಿ ಪ್ರಶ್ನೆ ಕೇಳಿರಲಿಲ್ಲ. ಇದು ಮುಂಬೈ ಅಲ್ವಾ? ಇಲ್ಲಿ ಸಣ್ಣ ಆಫೀಸಿನ ಲೆಕ್ಕ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಇಂಗ್ಲಿಷು, ಫೋನಿನಲ್ಲಿ ಹಿಂದಿ, ಕ್ಯಾಂಟೀನಿನಲ್ಲಿ ಮರಾಠಿ. ಕ್ಲಾಸಿನವರನ್ನೇ ಹೋಗಿ ಕೇಳಿದೆ. "ಕಾರ್ಪೊರೇಟ್‌ನಲ್ಲಿ ಹಿಂದಿ ಬರುವುದಿಲ್ಲ ಮೇಡಂ" ಎಂದರು. ನನ್ನಂಥವರನ್ನು ಕಾರ್ಪೊರೇಟ್‌ನವರು ಎಷ್ಟು ಜನ ಕರೆಯುತ್ತಾರೆ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಆಮೇಲೆ ಎಐ. ಬಿಟ್ಟಿ, ರಾತ್ರಿ ಹನ್ನೊಂದಕ್ಕೂ ಸಿಗುತ್ತದೆ, ಅತ್ತೆಗೆ ಕೇಳಿಸದಂತೆ ಇಯರ್‌ಫೋನ್ ಹಾಕಿಕೊಳ್ಳಬಹುದು. ಕೆಲಸದ ಜಾಹೀರಾತು ಅಂಟಿಸಿದರೆ ಇಪ್ಪತ್ತು ಪ್ರಶ್ನೆ ಉದುರಿಸುತ್ತದೆ, ಅದರಲ್ಲಿ ಹದಿನೈದು ನಿಜವಾಗಿಯೂ ಕೇಳುವಂಥವೇ. ಆದರೆ ಹೊಗಳಿಕೆ ಜಾಸ್ತಿ. ನಾನು ತಡವರಿಸಿದರೂ "ಬಹಳ ಚೆನ್ನಾಗಿ ಹೇಳಿದಿರಿ". ಮಾತಿನ ನಡುವೆ ಬಾಯಿ ಹಾಕುವುದಿಲ್ಲ, ಚಹಾ ಕುಡಿಯುತ್ತಾ ಕಿಟಕಿ ಕಡೆ ನೋಡುವುದಿಲ್ಲ. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಂಡ ತೆರಿಗೆ, ಕಟ್ಟುವ ಕೊನೇ ದಿನ ಕೇಳಿದರೆ ಮುಂದಿನ ತಿಂಗಳ 7 ಅಂತ ಹೇಳಿ ಕೈ ತೊಳೆದುಕೊಂಡಿತು. ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30 ಅನ್ನುವುದನ್ನು ಬಿಟ್ಟೇಬಿಟ್ಟಿತ್ತು. ಇಂಟರ್‌ವ್ಯೂನಲ್ಲಿ ಕಾಲೆಳೆಯಲು ಕೇಳುವುದೇ ಅದನ್ನು.

ಮಾಟುಂಗಾದಲ್ಲಿ ಊರಿನ ಗೆಳತಿಯರ ಜೊತೆ ಅಭ್ಯಾಸ ಮಾಡುವುದನ್ನೂ ನೋಡಿದೆ. ಎರಡು ಫಿಲ್ಟರ್ ಕಾಫಿ, ಒಂದು ಪ್ರಶ್ನೆ, ಉಳಿದದ್ದೆಲ್ಲ ಹಾವೇರಿ ಸುದ್ದಿ.

ಇನ್ನು ಕಾಕು. ನಮ್ಮ ಬಿಲ್ಡಿಂಗಿನ ಕೆಳಮನೆಯವರು, ಭಿವಂಡಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆದು ನಿವೃತ್ತಿ ಆದವರು. ಮೆಟ್ಟಿಲ ಮೇಲೆ ಸಿಕ್ಕಾಗ ಮರೋಳ್ ಕಥೆ ಹೇಳಿದೆ. "ನಾಳೆಯಿಂದ ಸಂಜೆ ಬಾ" ಎಂದರು.

ಮೆಂತ್ಯ ಸೊಪ್ಪು ಬಿಡಿಸುತ್ತಲೇ ಪ್ರಶ್ನೆ ಕೇಳುತ್ತಿದ್ದರು, ಎಲ್ಲ ಹಿಂದಿಯಲ್ಲಿ. ಮಾಲು ಬಂದಿದೆ, ಬಿಲ್ಲೂ ಬಂದಿದೆ, ಆದರೆ 14ನೇ ತಾರೀಖು ಬಂದ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿಯಲ್ಲಿ, ಆ ಬಿಲ್ಲೇ ಇಲ್ಲ. 20ಕ್ಕೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ತುಂಬಬೇಕು. ಆ ಬಿಲ್ಲಿನ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೋ, ಕ್ರೆಡಿಟ್ ತಗೋ ಅಂತ ಸೇಠ್ ಗದರುತ್ತಾನೆ, ಏನಂತೀ? ನಾನು ಕಾನೂನು ಹೇಳಲು ಹೊರಟರೆ ಮಧ್ಯದಲ್ಲೇ ತಡೆಯುವರು: "ಸೇಠ್‌ಗೆ ಕಾನೂನು ಬೇಡ. ಈ ತಿಂಗಳು ತಗೊಂಡರೆ ನೋಟಿಸ್ ಬರುತ್ತೆ ಸೇಠ್, ಸಪ್ಲೈಯರ್‌ಗೆ ಈಗಲೇ ಫೋನ್ ಹಚ್ಚುತ್ತೀನಿ, ಅವನು ಹಾಕಿದ ತಿಂಗಳು ತಗೊಳ್ಳೋಣ ಅನ್ನು. ಮೂರು ಮಾತು, ಸಾಕು."

ಲಿಂಗದ ಬಗ್ಗೆ ಅವರದು ಎರಡೇ ನಿಯಮ. ನಿನ್ನ ವಿಷಯಕ್ಕೆ ಮಾತ್ರ "ಕರೂಂಗೀ, ದೇಖೂಂಗೀ" ಗಟ್ಟಿ ಮಾಡಿಕೋ, ದಿನಕ್ಕೆ ಐವತ್ತು ಸಲ ಹೇಳು. ಬಿಲ್ಲು, ಚೆಕ್ಕುಗಳದ್ದು ತಪ್ಪಿದರೆ ತಪ್ಪಲಿ, ಮುಂಬೈಯಲ್ಲಿ ಯಾರಿಗೂ ತಲೆಬಿಸಿ ಇಲ್ಲ. "ಈ" ಕೊನೆಗೆ ಬಂದರೆ ಸ್ತ್ರೀಲಿಂಗ ಅಂತ ಶಾಲೆಯಲ್ಲಿ ಕಲಿತಿದ್ದೆ ಅಂದೆ. "ಪಾನಿ, ಘೀ?" ಅಂತ ಕೇಳಿ ಸೊಪ್ಪು ತೊಳೆಯಲು ಎದ್ದು ಹೋದರು. ಎರಡೂ ಪುಲ್ಲಿಂಗ. ತೀರಾ ಸಿಕ್ಕಿಕೊಂಡರೆ ಇಂಗ್ಲಿಷಿನಲ್ಲಿ ಹೇಳಲೇ ಅಂತ ನೇರ ಕೇಳು, ಅದರಲ್ಲೇನು ನಾಚಿಕೆ ಎಂದರು. ಅಷ್ಟು ಸಣ್ಣ ಮಾತು ನನಗೆ ಮರೋಳ್‌ನಲ್ಲಿ ಯಾಕೆ ಹೊಳೆಯಲಿಲ್ಲವೋ.

ಕಾಕುದೂ ಕೊರತೆ ಇದೆ. ಸಂಜೆ ಏಳಕ್ಕೆ ಧಾರಾವಾಹಿ ಶುರುವಾದರೆ ನಾನು ಎದ್ದು ಬರಬೇಕು. ರೆಸ್ಯೂಮೆ ಅವರಿಗೆ ಬೇಕಿಲ್ಲ. ಎಕ್ಸೆಲ್ ಕೇಳಿದರೆ "ಅದೆಲ್ಲ ಹುಡುಗರು ಮಾಡುತ್ತಿದ್ದರು" ಅನ್ನುತ್ತಾರೆ.

ಹತ್ತು ಸಂಜೆ ಹೋದೆ. ಆಮೇಲೆ ಘಾಟ್ಕೋಪರ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಮೆಟ್ರೋ ಖರ್ಚೂ ಉಳಿಯಿತು. ಕಾಕುಗೆ ಕೊಟ್ಟದ್ದು ಊರಿಂದ ತರಿಸಿದ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ.

ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ದೊಡ್ಡ ಕಂಪನಿಗೆ ಹೋಗುವವರಾದರೆ, ಇಂಗ್ಲಿಷಿನಲ್ಲಿ ಬಾಯಿ ಕಟ್ಟುವವರಾದರೆ, ಕ್ಲಾಸಿಗೆ ದುಡ್ಡು ಹಾಕಬಹುದು. ನನ್ನಂತೆ ಸಣ್ಣ ಆಫೀಸಿನ ಲೆಕ್ಕಕ್ಕೆ ಹೋಗುವವರು ಎಐ ಹತ್ತಿರ ಎರಡು ರಾತ್ರಿ ಕೂತು ಪ್ರಶ್ನೆ ಕೂಡಿಸಿಕೊಳ್ಳಿ, ಅವನ್ನು ಹಿಡಿದು ನಿಮ್ಮ ಬಿಲ್ಡಿಂಗಿನ ಕಾಕುವನ್ನು ಹುಡುಕಿ. ಕ್ಲಾಸಿನವರು ಈಗಲೂ ವಾಟ್ಸಾಪಿನಲ್ಲಿ ಅಡ್ವಾನ್ಸ್ ಬ್ಯಾಚಿಗೆ ಕರೆಯುತ್ತಾರೆ. ನಾನು ಪ್ರತಿ ಸಲ ಒಂದೇ ಉತ್ತರ ಕಳಿಸುತ್ತೇನೆ: ಮೊದಲಿನ 6,000ದ ರಸೀದಿ?