ಆರು ವರ್ಷ, ಒಂಬತ್ತು ಬೋಗಿ: ಕಿಟ್ ಕಟ್ಟಿದ್ದೂ ಆಯ್ತು, ರೆಡಿ ತಗೊಂಡಿದ್ದೂ ಆಯ್ತು

ಮಾಡೆಲ್ ರೈಲಿನ ಮೊದಲ ಕಿಟ್, ಅಂದರೆ ಬಿಡಿ ತುಂಡು ಅಂಟಿಸಿ ನಾವೇ ಕಟ್ಟೋ ಡಬ್ಬಿ, ಬಂದ ದಿನವೇ ಮಾರಿದವರಿಗೆ ಫೋನ್ ಮಾಡಿ ಜಗಳ ಆಡಿದ್ದೆ. ಪೊಟ್ಟಣದ ಮೇಲೆ 'ಬೋಗಿ 2' ಅಂತಿತ್ತು. ಒಳಗೆ ನೋಡಿದರೆ ಪುಟ್ಟ ಗಾಲಿ ಚೌಕಟ್ಟು ಎರಡೇ ಎರಡು. ನಮ್ಮ ಕಲಬುರಗಿ ಸ್ಟೇಷನ್‌ನಲ್ಲಿ ಇಡೀ ಡಬ್ಬಿಗೇ ಬೋಗಿ ಅಂತೀವಿ, ಅಲ್ವಾ? ರೈಲ್ವೆಯವರ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗಿನ ಗಾಲಿ ಚೌಕಟ್ಟಂತೆ. ಒಂದು ಡಬ್ಬಿಗೆ ಎರಡು. ಸಾರಿ ಕೇಳಿದೆ. ಇಲ್ಲಿ ಮಾತ್ರ ನಮ್ಮ ರೂಢಿಯಲ್ಲೇ ಬರೀತೀನಿ.

ಅದು 2019ರ ಮಾತು. ಈಗ ನನ್ನ ಹತ್ತಿರ ಎಚ್‌ಓ ಅಳತೆಯ, ಅಂದರೆ ನಿಜದ್ದರ 87ನೇ ಒಂದು ಪಾಲಿನ, ಒಂಬತ್ತು ಪ್ಯಾಸೆಂಜರ್ ಬೋಗಿ ಇವೆ. ಐದು ಕಿಟ್, ನಾಲ್ಕು ರೆಡಿ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಕಿಟ್ ಅಗ್ಗ ಅನ್ನೋದು ಅರ್ಧ ಸುಳ್ಳು. ನನ್ನ ಅಮೆರಿಕನ್ ಬೋಗಿಯ ಕಿಟ್ಟಿಗೆ 3,200 ರೂಪಾಯಿ ಕೊಟ್ಟೆ. ಲೋಹದ ಗಾಲಿ, ಕಪ್ಲರ್ (ಬೋಗಿ ಜೋಡಿಸೋ ಕೊಕ್ಕೆ), ಬಣ್ಣ, ಡೆಕಾಲ್ (ಅಕ್ಷರ, ಗುರುತುಗಳ ಅಂಟುಚೀಟಿ) ಎಲ್ಲಾ ಸೇರಿ 5,600 ಆಯ್ತು. ಅಂಥದ್ದೇ ರೆಡಿ ಬೋಗಿ 7,800ಕ್ಕೆ ಸಿಕ್ಕಿತು. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಬೇರೆ. ಮಾಡೆಲ್ ರೈಲೂ ಆಟಿಕೆಯ ಲೆಕ್ಕಕ್ಕೇ ಬರುತ್ತೆ. ಆ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಬೆಲೆ ಕಡಿಮೆ ಇದ್ದರೆ ಅದರ ಮೇಲಿನ ಸುಂಕವೂ ಕಡಿಮೆ. ಕಿಟ್ಟಿನಲ್ಲಿ ಅಲ್ಲೂ ಸ್ವಲ್ಪ ಉಳಿಯುತ್ತೆ.

ಓಡೋ ವಿಷಯದಲ್ಲಿ ರೆಡಿ ಬೋಗಿಗೆ ಪೂರ್ತಿ ಮಾರ್ಕ್ಸ್. ಡಬ್ಬ ಬಿಚ್ಚಿ ಹಳಿ ಮೇಲಿಟ್ಟೆ, ಓಡಿತು. ನಾನು ಕಟ್ಟಿದ್ದು ಮಾತ್ರ ತಿರುವು ಬಂದ ಕೂಡಲೇ ಹಳಿ ಬಿಡುತ್ತಿತ್ತು. ಗಾಲಿ ಬದಲಿಸಿದೆ, ಹಳಿ ಒರೆಸಿದೆ, ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯ್ತು, ತೂಕ ಸಾಲದು. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಒಂದು ಲೆಕ್ಕ ಕೊಟ್ಟಿದೆ: ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನನ್ನ ಬೋಗಿ 12 ಇಂಚು, ಅಂದರೆ 7 ಔನ್ಸ್, ಹತ್ತಿರ ಹತ್ತಿರ 200 ಗ್ರಾಂ ಬೇಕು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 112. ಹಳೇ ದಪ್ಪ ಐದು ರೂಪಾಯಿ ನಾಣ್ಯ ಒಂದು 9 ಗ್ರಾಂ ತೂಗುತ್ತೆ. ಹತ್ತು ನಾಣ್ಯ ತಂದು ಸೀಟುಗಳ ಕೆಳಗೆ ಸಾಲಾಗಿ ಅಂಟಿಸಿದೆ. ಅವತ್ತಿನಿಂದ ಹಳಿ ಬಿಟ್ಟಿಲ್ಲ. "ಕಾಕಾ, ಐವತ್ತು ರೂಪಾಯಿ ಟಿಕೆಟ್ ಇಲ್ದೆ ಹೊಂಟಾವ ನೋಡ್ರಿ" ಅಂತ ಅಣ್ಣನ ಮಗ ಇನ್ನೂ ನಗ್ತಾನೆ.

ಕಿಟ್ ಕಟ್ಟೋರಿಗೆ ನಮ್ಮೂರ ಬಿಸಿಲು ದೊಡ್ಡ ವೈರಿ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಸ್ಪ್ರೇ ಹೊಡೆದೆ. 42 ಡಿಗ್ರಿ. ಬಣ್ಣ ಬೋಗಿಗೆ ತಾಗೋ ಮೊದಲೇ ಗಾಳಿಯಲ್ಲಿ ಒಣಗಿ, ಮೈಯೆಲ್ಲಾ ರವೆ ಉದುರಿಸಿದಂತಾಯ್ತು. ಎರಡು ದಿನ ಪಾಲಿಶ್ ಪೇಪರ್ ಹಿಡಿದು ಉಜ್ಜಿದ್ದೇ ಬಂತು. ಈಗ ಬಣ್ಣದ ಕೆಲಸ ಡಿಸೆಂಬರ್ ಬೆಳಿಗ್ಗೆ ಮಾತ್ರ, ಧೂಳು ಏಳೋ ಮೊದಲು. ಕಿಟಕಿಗೆ ಸೂಪರ್ ಗ್ಲೂ ಹಾಕಲೇಬೇಡಿ. ಅದರ ಹೊಗೆಗೆ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಂಜು ಕಟ್ಟುತ್ತೆ. ಸುಮ್ನೆ ಫೆವಿಕಾಲ್ ಸಾಕು.

ಇಷ್ಟೆಲ್ಲಾ ಗೋಳಿದ್ದೂ ನಾನು ಯಾಕೆ ಕಿಟ್ ಕಡೆಗೇ ವಾಲಿದೆ? ಮೂರನೇ ವರ್ಷ ಒಂದು ರೆಡಿ ಬೋಗಿಯ ದೀಪ ಮಿಣಮಿಣ ಅನ್ನೋಕೆ ಶುರುವಾಯ್ತು. ಚಾವಣಿ ಹೇಗೆ ಬಿಚ್ಚೋದು ಅಂತ ಅಂಗಡಿಯವರನ್ನು ಕೇಳಿದರೆ "ಹೊಸದು ತಗೊಂಡ್ಬಿಡಿ ಸರ್" ಅಂದರು. ಚಾಕು ತೂರಿಸಿ ಎತ್ತಿದೆ. ಟಪ್ ಅಂತು, ಎರಡು ಕೊಕ್ಕೆ ಹೋದವು. ದೀಪ ಸರಿಯಾಯ್ತು, ಗಾಲಿ ಹತ್ತಿರ ಹಳಿಯಿಂದ ಕರೆಂಟ್ ತಗೊಳ್ಳೋ ತಂತಿಯಲ್ಲಿ ಧೂಳು ಕೂತಿತ್ತು ಅಷ್ಟೇ. ಚಾವಣಿ ಮಾತ್ರ ಇವತ್ತಿಗೂ ಟೇಪ್ ಮೇಲೆ ನಿಂತಿದೆ. ಅದೇ ವರ್ಷ ಕಿಟ್ ಬೋಗಿಯೊಂದು ಕಪಾಟಿನ ಮೇಲಿಂದ ಪರ್ಸಿ ಕಲ್ಲಿನ ನೆಲಕ್ಕೆ ಬಿತ್ತು. ಯಾವ ತುಂಡು ಎಲ್ಲಿ ಕೂರುತ್ತೆ ಅಂತ ನನ್ನ ಕೈಗೇ ಗೊತ್ತಿತ್ತು. ಒಂದೇ ಸಂಜೆಯಲ್ಲಿ ಮತ್ತೆ ನಿಲ್ಲಿಸಿದೆ.

ಇನ್ನೊಂದು ಕಾರಣ ಆಸೆ. ಚಿಕ್ಕಂದಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡಿದ ಆ ಐಸಿಎಫ್ ಬೋಗಿಗಳೇ ನನಗೆ ಬೇಕು, ಅದೂ ನನ್ನ ಕೈಯಾರೆ ಕಟ್ಟಿದ್ದು. ಐಸಿಎಫ್ ಅಂದರೆ ಚೆನ್ನೈ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ. ಆ ಕಾರ್ಖಾನೆ 1955ರಲ್ಲಿ ಶುರುವಾಯ್ತು, 2018ರಲ್ಲಿ ಈ ನಮೂನೆಯ ಕೊನೇ ಬೋಗಿ ಹೊರಬಂತು. ಈಗ ಅದರ ಜಾಗಕ್ಕೆ ಎಲ್‌ಎಚ್‌ಬಿ ಅನ್ನೋ ಹೊಸ ನಮೂನೆ ಬರ್ತಿದೆ. ಅದು 23.5 ಮೀಟರ್, ಹಳೇದು 21.3. ಎಚ್‌ಓದಲ್ಲಿ ಐಸಿಎಫ್ 24.5 ಸೆಂಟಿಮೀಟರ್ ಆಗುತ್ತೆ. ಹಾಗಾಗಿ ನನ್ನ 18 ಇಂಚು ತ್ರಿಜ್ಯದ ಇಕ್ಕಟ್ಟು ತಿರುವಿನಲ್ಲೂ 30 ಸೆಂಟಿಮೀಟರಿನ ಅಮೆರಿಕನ್ ಬೋಗಿಯಷ್ಟು ಮೂತಿ ಹೊರಗೆ ಚಾಚೋದಿಲ್ಲ. ಹೊಸಬರು ಮೊದಲು ಒಂದು ರೆಡಿ ಬೋಗಿ ತಗೊಳ್ಳಿ, ಸರಿಯಾಗಿ ಓಡೋದು ಅಂದರೆ ಏನು ಅಂತ ಕಣ್ಣಿಗೆ ಗೊತ್ತಾಗಲಿ. ಕಿಟ್ ಆಮೇಲೆ.

ಐದನೇ ಕಿಟ್ ಐಸಿಎಫ್ ಸ್ಲೀಪರ್. ಕಿಟಕಿ ಸರಳುಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಅಂಟಿಸೋಕೆ ಹದಿನೆಂಟು ರಾತ್ರಿ ಹಿಡೀತು. ಮುಗಿಸಿ ಹೆಂಡತಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಎಮರ್ಜೆನ್ಸಿ ಕಿಟಕಿ ಎಲ್ಲೈತ್ರಿ? ಎಲ್ಲಾದಕ್ಕೂ ಸರಳು ಬಡದೀರಲ್ಲ!"

ನಾಳೆ ಎರಡು ಕಿಟಕಿಯ ಸರಳು ಕೀಳಬೇಕು.