1968ರ ಡ್ರೈವರ್ ಅಂತ ಹೆದರಿಸಿದರೆ ಹಣ ಕಟ್ಟಬೇಡಿ. ನಾನು ಎರಡು ಸಲ ಕಟ್ಟಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ) ‘ಎಸ್‌ಎಂ ಬಸ್ ಕಂಟ್ರೋಲರ್’ (ಮದರ್‌ಬೋರ್ಡಿನ ಸಣ್ಣಪುಟ್ಟ ಸಮಾಚಾರ ಸಾಗುವ ದಾರಿಯನ್ನು ನೋಡಿಕೊಳ್ಳುವ ಭಾಗ) ಪಕ್ಕ ಹಳದಿ ಗುರುತು ಕಂಡರೆ ಯಾರಿಗೂ ಬಿಡಿಗಾಸು ಕೊಡಬೇಡಿ. ಡ್ರೈವರ್ (ಒಂದು ಬಿಡಿಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಪ್ರೋಗ್ರಾಂ) ಹುಡುಕಿಕೊಡುವ ಸಾಫ್ಟ್‌ವೇರ್‌ಗಳ ಸಹವಾಸವೇ ಬೇಡ. ಪೂರ್ತಿ ಕಥೆ ಓದಲು ಟೈಮ್ ಇಲ್ಲದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು.

ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತಿದೆ. ಪರಿಚಯದವರಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಮೊದಲ ಫೋನ್ ಬರುವುದು ನನಗೆ. ‘ಸಿಕ್ಕಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡಬೇಡಿ’ ಅಂತ ಎಲ್ಲರಿಗೂ ಬುದ್ಧಿ ಹೇಳುವವನೂ ನಾನೇ. ಅಂಥವನು ಹೋಗಿ ಬಿದ್ದೆ. ಅದೂ ಒಂದೇ ಗುಂಡಿಗೆ ಎರಡು ಸಲ.

ನನ್ನದು ಇಂಟೆಲ್ 100 ಸೀರೀಸ್ ಚಿಪ್‌ಸೆಟ್‌ನ (ಮದರ್‌ಬೋರ್ಡಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಚಿಪ್) ಹಳೆಯ ಡೆಸ್ಕ್‌ಟಾಪ್. ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ 10 ಅನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡಿದೆ. ಸೌಂಡ್ ಬಂತು, ನೆಟ್ ಬಂತು, ಯುಎಸ್‌ಬಿ ಎಲ್ಲ ಸರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಮಾತ್ರ ಆ ಒಂದು ಹಳದಿ ಗುರುತು ಉಳಿಯಿತು. ತೆರೆದು ನೋಡಿದರೆ ಕೋಡ್ 28, ಅಂದರೆ ಡ್ರೈವರ್ ಇಲ್ಲ. ಏನೂ ತೊಂದರೆ ಕೊಡುತ್ತಿರಲಿಲ್ಲ. ಆದರೆ ಕಣ್ಣಿಗೆ ಬಿದ್ದ ಮೇಲೆ ಸುಮ್ನೆ ಇರೋದಕ್ಕೆ ಆಗುತ್ತದೆಯೇ?

ಮದರ್‌ಬೋರ್ಡ್ ತಯಾರಿಸಿದವರ ಸಪೋರ್ಟ್ ಪುಟಕ್ಕೆ ಹೋಗಬೇಕಿತ್ತು. ಗೊತ್ತಿತ್ತು. ಸೋಮಾರಿತನ. ಸರ್ಚ್‌ನಲ್ಲಿ ಟೈಪ್ ಮಾಡಿದೆ, ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ. ಅದು ಜಾಹೀರಾತು. ‘ಎಸ್‌ಎಂ ಬಸ್ ಡ್ರೈವರ್ ಡೌನ್‌ಲೋಡ್’ ಅಂತ ದಪ್ಪ ಬಟನ್. ಒತ್ತಿದರೆ ಬಂದದ್ದು ಡ್ರೈವರ್ ಅಲ್ಲ, ಡ್ರೈವರ್ ಅಪ್‌ಡೇಟ್ ಮಾಡುವ ಸಾಫ್ಟ್‌ವೇರ್. ಸ್ಕ್ಯಾನ್ ಉಚಿತ. 23 ಡ್ರೈವರ್ ಹಳೆಯವು, 1 ಕಾಣೆಯಾಗಿದೆ ಅಂತ ತೋರಿಸಿತು. ಸರಿ ಮಾಡಬೇಕಾದರೆ ಒಂದು ವರ್ಷದ ಚಂದಾ. ಕಟ್ಟಿದೆ. ಎರಡು ನಿಮಿಷಕ್ಕೆ ಹಳದಿ ಗುರುತು ಮಾಯ. ಅದರ ಜಾಗದಲ್ಲಿ ‘ಇಂಟೆಲ್ 100 ಸೀರೀಸ್/ಸಿ230 ಸೀರೀಸ್ ಚಿಪ್‌ಸೆಟ್ ಫ್ಯಾಮಿಲಿ ಎಸ್‌ಎಂಬಸ್ - ಎ123’ ಅಂತ ಚಂದದ ಹೆಸರು. ನಿಜ ಹೇಳಬೇಕೆಂದರೆ ಆವತ್ತು ಖುಷಿಯೇ ಆಯಿತು. ಕೊಟ್ಟ ಹಣಕ್ಕೆ ಕೆಲಸ ಆಯಿತಲ್ಲ ಅಂದುಕೊಂಡೆ.

ಐದು ವಾರ ಕಳೆದವು. ಒಂದು ರಾತ್ರಿ ಪರದೆ ತುಂಬ ಅದೇ ಸಾಫ್ಟ್‌ವೇರ್‌ನ ಕೆಂಪು ಕಿಟಕಿ. ‘ತೀವ್ರ ಅಪಾಯ. ಎಸ್‌ಎಂಬಸ್ ಡ್ರೈವರ್ ದಿನಾಂಕ 18-07-1968. ನಿಮ್ಮ ಡ್ರೈವರ್ 57 ವರ್ಷ ಹಳೆಯದು.’

ನಾನು ಕಣ್ಣು ಮುಚ್ಚಿ ನಂಬಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ನಾನು ಬಿದ್ದದ್ದು. ಸುಳ್ಳಿರಬೇಕು ಅಂತ ನಾನೇ ಡಿವೈಸ್ ಮ್ಯಾನೇಜರ್ ತೆರೆದೆ. ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್. ಪ್ರೊವೈಡರ್ ಇಂಟೆಲ್. ದಿನಾಂಕ 18-07-1968. ವಿಂಡೋಸೇ ಹೇಳುತ್ತಿದೆ! ಎದೆ ಧಸಕ್ ಅಂತು. ಅನುಮಾನ ಪಟ್ಟು ಪರೀಕ್ಷೆ ಮಾಡಿದೆ, ಆ ಪರೀಕ್ಷೆಯೇ ನನ್ನನ್ನು ನಂಬಿಸಿಬಿಟ್ಟಿತು. ಆ ಸಾಫ್ಟ್‌ವೇರ್‌ನವರ ಚಾಟ್‌ನಲ್ಲಿ ಕೇಳಿದೆ.

‘ಈ ಡ್ರೈವರ್ ಹಾಕಿದ್ದು ನಿಮ್ಮದೇ ಸಾಫ್ಟ್‌ವೇರ್ ಅಲ್ವಾ?’

‘ಹೌದು ಸರ್. ನಿಮ್ಮ ಬೇಸಿಕ್ ಪ್ಲಾನ್‌ನಲ್ಲಿ ಸಿಗುವುದು ಇದೇ ವರ್ಶನ್.’

‘ಹಾಗಾದರೆ ಹೊಸದು?’

‘ಪ್ರೊ ಪ್ಲಾನ್‌ನಲ್ಲಿ ಸರ್. ನಮ್ಮ ಟೆಕ್ನಿಷಿಯನ್ ರಿಮೋಟ್‌ನಲ್ಲಿ ಬಂದು ಹಾಕಿಕೊಡುತ್ತಾರೆ.’

‘ಹಾಕಿಸದಿದ್ದರೆ ಏನಾಗುತ್ತದೆ?’

‘ಮದರ್‌ಬೋರ್ಡಿನ ಎಲ್ಲ ಡೇಟಾ ಈ ಬಸ್ ಮೇಲೇ ಓಡಾಡುವುದು ಸರ್. ಬಸ್ ಹಳೆಯದಾದರೆ ಸಿಸ್ಟಂ ಸ್ಲೋ ಆಗುತ್ತದೆ. ಮೆಮೊರಿ ಸುಟ್ಟುಹೋಗಬಹುದು.’

ಸುಟ್ಟುಹೋಗಬಹುದು! ಇದನ್ನು ಓದಿ ನಗಬೇಕಿತ್ತು. ಕಾರ್ಡ್ ತೆಗೆದೆ.

ಟೆಕ್ನಿಷಿಯನ್ ಬಂದ. 40 ನಿಮಿಷ ನನ್ನ ಮೌಸ್ ತಾನಾಗಿ ಓಡಾಡುತ್ತಿತ್ತು, ನಾನು ಕೈಕಟ್ಟಿ ಕೂತಿದ್ದೆ. ಈವೆಂಟ್ ವ್ಯೂವರ್ (ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಪಟ್ಟಿ) ತೆರೆದು ಕೆಂಪು ಸಾಲುಗಳನ್ನು ತೋರಿಸಿ ‘ನೋಡಿ ಸರ್, ಎಷ್ಟು ಎರರ್ ಇವೆ’ ಅಂದ. ಎಲ್ಲರ ಕಂಪ್ಯೂಟರ್‌ನಲ್ಲೂ ಅಲ್ಲಿ ಕೆಂಪು ಸಾಲು ಇದ್ದೇ ಇರುತ್ತವೆ. ಅದೂ ನನಗೆ ಗೊತ್ತಿತ್ತು. ಆ ಹೊತ್ತಿಗೆ ಗೊತ್ತಿದ್ದದ್ದೆಲ್ಲ ಎಲ್ಲಿಗೆ ಹೋಗಿತ್ತೋ. ರೀಸ್ಟಾರ್ಟ್ ಆದ ಮೇಲೆ ಮುಂದಿನ ಹೆಡ್‌ಫೋನ್ ಜಾಕ್ ಸತ್ತಿತ್ತು. ನೆಟ್ ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತಿತ್ತು. ಸರಿಯಾಗಿದ್ದ ಸೌಂಡ್ ಡ್ರೈವರ್, ನೆಟ್‌ವರ್ಕ್ ಡ್ರೈವರ್ ಎರಡನ್ನೂ ಕಿತ್ತು ಬೇರೆ ಯಾವುದನ್ನೋ ತುಂಬಿದ್ದ.

ಎಸ್‌ಎಂಬಸ್ ದಿನಾಂಕ? ಹಾಗೇ ಇತ್ತು. 18-07-1968. ಮತ್ತೆ ಚಾಟ್‌ಗೆ ಹೋದೆ. ಬಂದ ಉತ್ತರ ನನಗೆ ಈಗಲೂ ಬಾಯಿಪಾಠ.

‘ಅದು ಡಿಸ್‌ಪ್ಲೇ ಎರರ್ ಸರ್. ಒಳಗೆ ಹೊಸದೇ ಇದೆ.’

ಮರುದಿನ ಕಂಪ್ಯೂಟರ್ ಕೆಲಸದಲ್ಲೇ ಇರುವ ಗೆಳೆಯನಿಗೆ ಫೋನ್ ಮಾಡಿದೆ. ಸೌಂಡ್ ಸರಿ ಮಾಡಿಸಿಕೊಳ್ಳಲು. ಮಾತಿನ ನಡುವೆ 1968 ಅಂತ ಬಾಯಿ ಬಿಟ್ಟೆ. ಅವನು ಒಂದು ಕ್ಷಣ ಸುಮ್ಮನಾದ. ಆಮೇಲೆ ಕೇಳಿದ: ‘ಮಾರಾಯ, 1968ರಲ್ಲಿ ಮೈಕ್ರೋಸಾಫ್ಟ್ ಎಲ್ಲಿತ್ತು? ಅದು ಹುಟ್ಟಿದ್ದು 1975ರಲ್ಲಿ. ಮೊದಲ ವಿಂಡೋಸ್ ಬಂದದ್ದು 1985ರಲ್ಲಿ. ಈ ಎಸ್‌ಎಂಬಸ್ ಅನ್ನೋದನ್ನ ಇಂಟೆಲ್ ತಂದದ್ದೇ 1995ರಲ್ಲಿ. ಬಸ್ಸೇ ಇಲ್ಲದಾಗ ಡ್ರೈವರ್ ಯಾರು?’

ಬಸ್ಸೇ ಇಲ್ಲದಾಗ ಡ್ರೈವರ್ ಯಾರು! ಅವನು ನಗುತ್ತಲೇ ಇದ್ದ. ನನ್ನ ಕಿವಿ ಬಿಸಿಯಾಗಿತ್ತು. ಐದನೇ ಕ್ಲಾಸಿನ ಹುಡುಗನಿಗೂ ಹೊಳೆಯುವ ಲೆಕ್ಕ, ನನಗೆ ಹೊಳೆದಿರಲಿಲ್ಲ.

1968ರ ಜುಲೈ 18 ಇಂಟೆಲ್ ಕಂಪನಿ ಶುರುವಾದ ದಿನ. ಚಿಪ್‌ಸೆಟ್ ಫೈಲ್‌ಗಳಿಗೆ ಇಂಟೆಲ್ ಬೇಕಂತಲೇ ಆ ದಿನಾಂಕ ಹಾಕುತ್ತದೆ. ಒಂದೇ ಸಾಧನಕ್ಕೆ ಸರಿಸಮ ಹೊಂದುವ ಎರಡು ಡ್ರೈವರ್ ಸಿಕ್ಕರೆ ವಿಂಡೋಸ್ ದಿನಾಂಕ ನೋಡಿ ಹೊಸದನ್ನು ಆರಿಸುತ್ತದೆ. ಬೋರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಿಸಿದವರು ತಮ್ಮದೇ ಡ್ರೈವರ್ ಕೊಟ್ಟಿದ್ದರೆ ಅದೇ ಉಳಿಯಲಿ, ತನ್ನ ಸಾಮಾನ್ಯ ಫೈಲ್ ಅದರ ಮೇಲೆ ಹೋಗಿ ಕೂರುವುದು ಬೇಡ ಅಂತ ಇಂಟೆಲ್ ತಾನೇ ಹಿಂದಕ್ಕೆ ಸರಿದು ನಿಂತಿದೆ. ನೋಡಬೇಕಾದ್ದು ವರ್ಶನ್ ನಂಬರ್, ದಿನಾಂಕವಲ್ಲ. ಡ್ರೈವರ್ ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೇ ಮಾಡಿದ್ದು. ಅದೇ ಫೈಲ್ ತಾವೇ ಹಾಕಿ, ಅದೇ ಫೈಲ್ ತೋರಿಸಿ ಹೆದರಿಸಿ, ಎರಡನೇ ಸಲ ಹಣ ಕಿತ್ತರು.

ಇನ್ನೂ ಹೊಟ್ಟೆ ಉರಿಯುವ ವಿಷಯ ಇದೆ. ಗೆಳೆಯ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಲು ಹೇಳಿದ. ಹೌದು, ನೋಟ್‌ಪ್ಯಾಡ್. ಅದು ಐಎನ್‌ಎಫ್ ಫೈಲ್, ಬರೀ ಅಕ್ಷರ. ನಮ್ಮ ಎ123 ಇರುವ ಸಾಲಿನ ಮುಂದೆ ‘ನೋ_ಡಿಆರ್‌ವಿ’ ಅಂತ ಬರೆದಿದೆ. ಡ್ರೈವರ್ ಇಲ್ಲ ಅಂತ! ಈ ನಂಬರಿನ ಸಾಧನಕ್ಕೆ ಈ ಹೆಸರು ತೋರಿಸು, ಬೇರೇನೂ ಹಾಕಬೇಡ ಅಂತ ವಿಂಡೋಸ್‌ಗೆ ಹೇಳುವ ಚೀಟಿ ಅದು. ಬಾಗಿಲಿಗೆ ಅಂಟಿಸುವ ನೇಮ್‌ಪ್ಲೇಟ್. ಒಳಗೆ ಓಡುವ ಪ್ರೋಗ್ರಾಂ ಯಾವುದೂ ಇಲ್ಲ. ನಾನು ಎರಡು ಸಲ ಹಣ ಕಟ್ಟಿದ್ದು ಒಂದು ನೇಮ್‌ಪ್ಲೇಟ್‌ಗೆ. ಅದೂ ಇಂಟೆಲ್ ಪುಕ್ಕಟೆ ಕೊಡುವ ನೇಮ್‌ಪ್ಲೇಟ್.

ಇನ್ನು ‘ಎಲ್ಲ ಡೇಟಾ ಈ ಬಸ್ ಮೇಲೆ’ ಅಂದರಲ್ಲ, ಅದೂ ಹಸಿ ಸುಳ್ಳು. ಎಸ್‌ಎಂಬಸ್ ಅಂದರೆ ಎರಡು ತಂತಿ. ಒಂದು ಕ್ಲಾಕ್, ಒಂದು ಡೇಟಾ. ಫಿಲಿಪ್ಸ್ ಕಂಪನಿಯ ಐ2ಸಿ ಅನ್ನುವುದರಿಂದ ಬೆಳೆದದ್ದು. ಸಾಮಾನ್ಯವಾಗಿ 100 ಕಿಲೋಹರ್ಟ್ಜ್ ವೇಗ. ನನ್ನ ಎಸ್‌ಎಸ್‌ಡಿ ಕೂತಿರುವ ಸಾಟಾ ದಾರಿ ಸೆಕೆಂಡಿಗೆ 6 ಗಿಗಾಬಿಟ್. ಅದು ಹೆದ್ದಾರಿಯಾದರೆ ಇದು ಇರುವೆ ಸಾಲು. ಇದರ ಮೇಲೆ ಓಡಾಡುವುದು ಬೋರ್ಡಿನ ಸಣ್ಣಪುಟ್ಟ ಸಮಾಚಾರ. ಮೆಮೊರಿ ಪಟ್ಟಿಯ ಮೇಲೊಂದು ಪುಟ್ಟ ಚಿಪ್ ಇರುತ್ತದೆ. ನಾನು ಇಷ್ಟು ಜಿಬಿ, ನನ್ನ ವೇಗ ಇಷ್ಟು ಅಂತ ಅದು ಹೇಳುವುದು ಈ ದಾರಿಯಲ್ಲಿ. ಕೆಲವು ಬೋರ್ಡ್‌ಗಳಲ್ಲಿ ತಾಪಮಾನದ ಸೆನ್ಸರ್‌ಗಳೂ ಇದಕ್ಕೇ ಅಂಟಿಕೊಂಡಿರುತ್ತವೆ. ಮೆಮೊರಿಯ ವಿವರವನ್ನು ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಬೋರ್ಡಿನಿಂದಲೇ ಓಡುವ ಪ್ರೋಗ್ರಾಂ) ವಿಂಡೋಸ್ ಏಳುವ ಮೊದಲೇ ಓದಿ ಮುಗಿಸಿರುತ್ತದೆ. ಹಳದಿ ಗುರುತು ಇದ್ದಾಗಲೂ ನನ್ನ ಮೆಮೊರಿ ಪೂರ್ತಿ ಕಾಣುತ್ತಿತ್ತು, ಅಷ್ಟೇ ವೇಗದಲ್ಲಿ ಓಡುತ್ತಿತ್ತು. ಅದನ್ನಾದರೂ ನೋಡಿ ಯೋಚಿಸಬೇಕಿತ್ತು ನಾನು.

(ಮೆಮೊರಿಯ ಬಣ್ಣದ ಲೈಟ್ ಬದಲಿಸುವ ಸಾಫ್ಟ್‌ವೇರ್‌ಗಳು ಈ ಬಸ್ಸನ್ನು ನಿಜವಾಗಿ ಮುಟ್ಟುತ್ತವೆ. ಅವು ತಮ್ಮ ಡ್ರೈವರನ್ನು ತಾವೇ ತರುತ್ತವೆ. ಅಲ್ಲಿ ತಪ್ಪು ಜಾಗಕ್ಕೆ ಬರೆದರೆ ಮೆಮೊರಿ ಪಟ್ಟಿಯ ಆ ಪುಟ್ಟ ಚಿಪ್ಪಿನ ವಿವರವೇ ಕೆಡಬಹುದು. ಹಾಗಾಗಿ ಗೊತ್ತಿಲ್ಲದವರಿಗೆ ರಿಮೋಟ್ ಕೊಟ್ಟು ಕೈಕಟ್ಟಿ ಕೂತದ್ದು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.)

ಗೆಳೆಯ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಆಪರೇಟಿಂಗ್ ಸಿಸ್ಟಂ) ಪಕ್ಷದವನು. ಸಿಕ್ಕ ಅವಕಾಶ ಬಿಡಲಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಏಳಿಸಿ, ಯಾವ ಭಾಗಕ್ಕೆ ಯಾವ ಡ್ರೈವರ್ ಅಂತ ತೋರಿಸುವ ಕಮಾಂಡ್ ‘ಎಲ್‌ಎಸ್‌ಪಿಸಿಐ ‑ಕೆ’ ಅಂತ ಹೊಡೆಸಿದ. ಎಸ್‌ಎಂಬಸ್ ಸಾಲಿನ ಕೆಳಗೆ ‘ಐ801_ಎಸ್‌ಎಂಬಸ್’ ಅಂತ ಡ್ರೈವರ್ ಆಗಲೇ ಕೂತಿತ್ತು. ಅದು ಲಿನಕ್ಸಿನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಇಂಟೆಲ್ ಬದಲು ಎಎಂಡಿ ಕಂಪನಿಯ ಚಿಪ್ ಇರುವ ಬೋರ್ಡ್‌ಗಾದರೆ ಪಿಐಐಎಕ್ಸ್4 ಅನ್ನುವ ಡ್ರೈವರ್. ಯಾರೂ ಕಾರ್ಡ್ ಕೇಳಲಿಲ್ಲ.

ಹಣ ವಾಪಸ್ ಕೇಳಿದೆ. ಇಂಟೆಲ್‌ನ ದಿನಾಂಕದ ವಿಷಯ ಪೂರ್ತಿ ವಿವರಿಸಿ ಬರೆದೆ. ಉತ್ತರ: ‘ನಿಮ್ಮ ತಾಂತ್ರಿಕ ಅಭಿಪ್ರಾಯವನ್ನು ಗೌರವಿಸುತ್ತೇವೆ. ಡ್ರೈವರ್ ಇನ್‌ಸ್ಟಾಲ್ ಆಗಿರುವುದರಿಂದ ಸೇವೆ ಪೂರ್ಣಗೊಂಡಿದೆ.’ ಅಭಿಪ್ರಾಯವಂತೆ! ಸೌಂಡ್ ಹೋದದ್ದಕ್ಕೆ? ‘ಅದು ಹಾರ್ಡ್‌ವೇರ್ ಸಮಸ್ಯೆ ಸರ್.’ ಬೋರ್ಡ್ ಪುಟದಿಂದ ಹಳೆಯ ಸೌಂಡ್ ಡ್ರೈವರ್ ಹಾಕಿದ ತಕ್ಷಣ ಆ ಹಾರ್ಡ್‌ವೇರ್ ಸಮಸ್ಯೆ ವಾಸಿಯಾಯಿತು ಅನ್ನುವುದು ಬೇರೆ ಮಾತು. ಮೂರನೇ ಸಲ ಬರೆದಾಗ ನನ್ನ ದೂರಿನ ಟಿಕೆಟ್ ಮುಚ್ಚಿದರು.

ನಿಮಗೂ ಆ ಹಳದಿ ಗುರುತು ಕಂಡರೆ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. ‘ವಿಇಎನ್’ ಮುಂದೆ 8086 ಇದ್ದರೆ ಇಂಟೆಲ್, 1022 ಇದ್ದರೆ ಎಎಂಡಿ. ಬೋರ್ಡ್ ತಯಾರಿಸಿದವರ ಪುಟದಲ್ಲಿ ನಿಮ್ಮ ಮಾಡೆಲ್ ಹುಡುಕಿ, ‘ಚಿಪ್‌ಸೆಟ್’ ಅಂತ ಇರುವುದನ್ನು ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಿ. ಅಷ್ಟೇ. ಸರ್ಚ್‌ನಲ್ಲಿ ಮೊದಲು ಬರುವ ಬಟನ್ ಒತ್ತಬೇಡಿ. ಆಮೇಲೆ ದಿನಾಂಕ 1968 ಅಂತ ಕಂಡರೆ ಹೆದರಬೇಡಿ, ಅದು ಹಾಗೇ ಇರಬೇಕು. ನನ್ನ ಹಾಗೆ ಆಗಲೇ ಹಣ ಕಟ್ಟಿದ್ದವರು ಚಂದಾ ಪುಟದಲ್ಲಿ ‘ಆಟೋ ರಿನ್ಯೂವಲ್’ ಆಫ್ ಆಗಿದೆಯಾ ನೋಡಿ. ನನ್ನದು ಎರಡು ಪ್ಲಾನ್‌ಗಳಲ್ಲೂ ಆನ್ ಇತ್ತು. ಆಫ್ ಮಾಡುವ ಕೊಂಡಿ ಪುಟದ ತಳದಲ್ಲಿ, ಬಿಳಿ ಹಿನ್ನೆಲೆಯಲ್ಲಿ ಬೂದು ಅಕ್ಷರದಲ್ಲಿತ್ತು.

ಸಾಫ್ಟ್‌ವೇರ್ ತೆಗೆದುಹಾಕಿ ಹದಿನೈದು ದಿನ ಆಯಿತು. ಇವತ್ತು ಬೆಳಿಗ್ಗೆ ಅವರಿಂದ ಮೇಲ್ ಬಂದಿದೆ. ನನ್ನ ಕಂಪ್ಯೂಟರ್‌ನಲ್ಲಿ ಈಗ 26 ಡ್ರೈವರ್ ಹಳೆಯವಂತೆ. ಸ್ಕ್ಯಾನ್ ಮಾಡಿದ್ದು ಯಾವುದರಿಂದ ಅಂತ ಮಾತ್ರ ಹೇಳಿಲ್ಲ.