ಟ್ರಸೆಲ್ ಫುಡ್ ಬ್ಯಾಂಕ್: ಚೀಟಿ ಇದ್ದರೆ ಮೂರು ದಿನದ ದಿನಸಿ

ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 2000ದಲ್ಲಿ ಹೆಂಡರ್ಸನ್ ದಂಪತಿ ತಮ್ಮ ಮನೆಯ ಶೆಡ್ಡು, ಗ್ಯಾರೇಜಿನಲ್ಲಿ ಶುರುಮಾಡಿದ ಟ್ರಸೆಲ್ ಫುಡ್ ಬ್ಯಾಂಕ್, ಅಂದರೆ ಕಷ್ಟದಲ್ಲಿರುವವರಿಗೆ ಉಚಿತವಾಗಿ ದಿನಸಿ ಕೊಡುವ ನೆರವು, ಇಂದು ಬ್ರಿಟನ್ನಿನಾದ್ಯಂತ ಹಬ್ಬಿದೆ. 2023-24ರಲ್ಲಿ ಹಂಚಿದ ದಿನಸಿ ಪೊಟ್ಟಣಗಳು 31 ಲಕ್ಷ ದಾಟಿವೆ. ಎಷ್ಟೋ ಕೇಂದ್ರಗಳು ಚರ್ಚ್ ಹಾಲುಗಳಲ್ಲೇ ನಡೆಯುತ್ತವೆ. ಪಡೆಯುವವರ ಧರ್ಮಕ್ಕೂ ನೆರವಿಗೂ ಸಂಬಂಧವಿಲ್ಲ.

ಸುಮ್ಮನೆ ಹೋಗಿ ನಿಂತರೆ ಸಾಮಾನ್ಯವಾಗಿ ಸಾಮಾನು ಸಿಗದು. ವೈದ್ಯರು, ಶಾಲೆ ಅಥವಾ ಸಮಾಜ ಕಾರ್ಯಕರ್ತರ ಕಡೆಯಿಂದ ಚೀಟಿ ಬೇಕು. ಮನೆಯಲ್ಲಿ ಎಷ್ಟು ಜನ ಎಂಬುದನ್ನು ಅದರಲ್ಲಿ ಸರಿಯಾಗಿ ಬರೆಸಿಕೊಳ್ಳಿ. ಪೊಟ್ಟಣದ ಗಾತ್ರ ಅದನ್ನೇ ನೋಡಿ ಕಟ್ಟುತ್ತಾರೆ. ತೊಡಕು ಬರುವುದು ಸಮಯದಲ್ಲಿ. ಅನೇಕ ಕೇಂದ್ರಗಳು ವಾರಕ್ಕೆ ಕೆಲವೇ ದಿನ, ಒಂದೆರಡು ಗಂಟೆ ಮಾತ್ರ ತೆರೆದಿರುತ್ತವೆ. ಶುಕ್ರವಾರ ಸಂಜೆ ಚೀಟಿ ಸಿಕ್ಕವರು ವಾರಾಂತ್ಯ ಹೇಗೋ ಕಳೆಯಬೇಕು.

ಪೊಟ್ಟಣದಲ್ಲಿ ಪಾಸ್ತಾ, ಅಕ್ಕಿ, ಕಾರ್ನ್‌ಫ್ಲೇಕ್ಸ್‌ನಂಥ ಸೀರಿಯಲ್, ಡಬ್ಬಿಯ ಬೀನ್ಸ್, ಟೊಮೆಟೊ, ಸೂಪು, ಚಹಾಪುಡಿ, ಬಿಸ್ಕತ್ತು ಇರುತ್ತವೆ. ತಾಜಾ ತರಕಾರಿ ಅಪರೂಪ, ಕೆಡುತ್ತದೆ ಎಂಬುದೇ ಕಾರಣ. ಒಲೆ ಇಲ್ಲ, ಕೆಟಲ್ ಮಾತ್ರ ಇದೆ ಎಂದು ಮೊದಲೇ ಹೇಳಿದರೆ ಬಿಸಿನೀರು ಸುರಿದು ತಿನ್ನುವಂಥದ್ದನ್ನೇ ಆರಿಸಿಕೊಡುವ ಕೇಂದ್ರಗಳಿವೆ. ಸಸ್ಯಾಹಾರ, ಹಲಾಲ್, ಅಲರ್ಜಿಯನ್ನೂ ಆಗಲೇ ತಿಳಿಸಿಬಿಡಿ.

ಕೊಡುವವರಿಗೊಂದು ಮಾತು: ದಿನಾಂಕ ಮುಗಿಯುತ್ತಿರುವ ಡಬ್ಬಿ ಸ್ವಯಂಸೇವಕರಿಗೆ ಬರೀ ಕೆಲಸ ಹೆಚ್ಚಿಸುತ್ತದೆ. ಅಲ್ಲಿರುವ ನಮ್ಮವರು ಪ್ರೀತಿಯಿಂದ ತೊಗರಿಬೇಳೆ ಕೊಡಬಹುದು, ಆದರೆ ಕುಕ್ಕರ್ ಇಲ್ಲದ ಮನೆಯಲ್ಲಿ ಅದು ಬೇಯುವಷ್ಟರಲ್ಲಿ ಗ್ಯಾಸ್ ಬಿಲ್ಲೇ ಏರುತ್ತದೆ. ಬೇಯಿಸಿದ ಕಾಳಿನ ಡಬ್ಬಿಯೇ ವಾಸಿ.